ಪ್ರಿನ್ಸ್ ಬೀದಿಯ ಮನೆ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ದಕ್ಷಿಣ ಕೆರೊಲಿನಾದ ಕಡಲಂಚಿನಲ್ಲಿ ಬ್ಯೂಫರ್ಟ್ ಅಂತ ಒಂದು ಪುಟ್ಟ ಊರು. ಅಲ್ಲಿ ಪ್ರಿನ್ಸ್ ಬೀದಿಯ ಒಂದು ದೊಡ್ಡ ಮನೆಯ ಹಿತ್ತಿಲಲ್ಲಿ, 1839ರ ಏಪ್ರಿಲ್‌ನಲ್ಲಿ, ಗುಲಾಮ ಹೆಂಗಸೊಬ್ಬಳಿಗೆ ಗಂಡು ಮಗು ಹುಟ್ಟಿತು. ಅವನೇ ರಾಬರ್ಟ್ ಸ್ಮಾಲ್ಸ್.

ಹನ್ನೆರಡನೇ ವಯಸ್ಸಿಗೆ ಹುಡುಗನನ್ನು ಚಾರ್ಲ್‌ಸ್ಟನ್‌ಗೆ ದುಡಿಯಲು ಕಳಿಸಿದರು. ಬೆವರು ಇವನದು, ಕೂಲಿ ಧಣಿಯದು. ವಾರಕ್ಕೆ ಒಂದೇ ಒಂದು ಡಾಲರ್ ಇವನ ಕೈಗೆ. ಮದುವೆಯಾಯಿತು, ಮಗಳು ಹುಟ್ಟಿದಳು. ಇಬ್ಬರನ್ನೂ ಬಿಡಿಸಿಕೊಳ್ಳುತ್ತೇನೆ ಎಂದು ಅವರ ಒಡೆಯನನ್ನು ಕೇಳಿದರೆ, ಅವನು ಹೇಳಿದ ಬೆಲೆ 800 ಡಾಲರ್. ಕೂಡಿಟ್ಟಿದ್ದು ಬರೀ 100.

ಅಷ್ಟರಲ್ಲಿ ಅಂತರ್ಯುದ್ಧ ಬಂತು; ಗುಲಾಮಗಿರಿ ಉಳಿಸಿಕೊಳ್ಳಲು ಹೊರಟ ದಕ್ಷಿಣದ ರಾಜ್ಯಗಳು ಒಂದು ಕಡೆ, ಉತ್ತರದವರು ಇನ್ನೊಂದು ಕಡೆ. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಸ್ಮಾಲ್ಸ್ ತಾನು ದುಡಿಯುತ್ತಿದ್ದ, ದಕ್ಷಿಣದ ಸೇನೆಯ 'ಪ್ಲಾಂಟರ್' ಎಂಬ ಆವಿಹಡಗನ್ನೇ ಹೊಡೆದುಕೊಂಡು ಹೊರಟ. ತಲೆಗೆ ಕ್ಯಾಪ್ಟನ್ನನ ಹುಲ್ಲಿನ ಟೋಪಿ, ಹಡಗಿನೊಳಗೆ ಹೆಂಡತಿ ಮಕ್ಕಳು. ದಕ್ಷಿಣದವರ ಕೋಟೆ ಎದುರಾದಾಗ ಸಿಳ್ಳೆಯ ಸಂಕೇತ ಕೊಟ್ಟು ದಾಟಿದ. ಆಮೇಲೆ ಬಿಳಿ ಹಾಸಿಗೆ ಬಟ್ಟೆ ಏರಿಸಿ ಉತ್ತರದವರ ನೌಕಾಪಡೆಗೆ ಹಡಗನ್ನು ಒಪ್ಪಿಸಿದ. ಅವನ ಪಾಲಿಗೆ ಬಂದ ಬಹುಮಾನ 1,500 ಡಾಲರ್.

ಎಲ್ಲರೂ ಹೇಳುವ ಕಥೆ ಇಷ್ಟು. ನನಗೆ ಹೆಚ್ಚು ಹಿಡಿಸುವುದು ಇದಾದ ಮೇಲಿನದು.

ತೆರಿಗೆ ಬಾಕಿಗೆ ಪ್ರಿನ್ಸ್ ಬೀದಿಯ ಆ ಮನೆ ಹರಾಜಿಗೆ ಬಂತು. ಕೊಂಡವನು ಸ್ಮಾಲ್ಸ್! ಯುದ್ಧ ಮುಗಿದ ಮೇಲೆ ಪಾಲುದಾರನೊಬ್ಬನ ಜೊತೆ ಊರಲ್ಲೇ ಅಂಗಡಿ ತೆರೆದ. ಗಿರಾಕಿಗಳು ತನ್ನಂತೆಯೇ ಬಿಡುಗಡೆಯಾದ ಜನ. ಪತ್ರಿಕೆಯನ್ನೂ ಹೊರಡಿಸಿದ. ಓದು ಬರಹ ಕಲಿತದ್ದೇ ಬೆಳೆದ ಮೇಲೆ. ಅದಕ್ಕೇ ಇರಬೇಕು, 1868ರಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯುವ ಸಭೆಗೆ ಹೋದಾಗ, ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಾಲೆ ಬೇಕೆಂದು ಪಟ್ಟು ಹಿಡಿದ. ಅದೇ ವರ್ಷ ಶಾಸನಸಭೆಗೆ ಆರಿಸಿ ಬಂದ. 1870ರಲ್ಲಿ ರಾಜ್ಯ ಸೆನೆಟ್‌ಗೆ, 1875ರಲ್ಲಿ ವಾಷಿಂಗ್ಟನ್ನಿನ ಕಾಂಗ್ರೆಸ್‌ಗೆ ಹೋದ.

ವಿರೋಧಿಗಳು ಸುಮ್ಮನಿರಲಿಲ್ಲ. 1877ರಲ್ಲಿ ಲಂಚದ ಮೊಕದ್ದಮೆಯಲ್ಲಿ ಶಿಕ್ಷೆಯಾಯಿತು, 1879ರಲ್ಲಿ ಗವರ್ನರ್ ಕ್ಷಮಾದಾನ ಕೊಟ್ಟರು. ಮನೆ ನಮ್ಮದು ಎಂದೂ ದಾವೆ ಬಿತ್ತು. ಅದು ಸುಪ್ರೀಂ ಕೋರ್ಟಿನ ತನಕ ಹೋಗಿ, 1878ರಲ್ಲಿ ಸ್ಮಾಲ್ಸ್ ಗೆದ್ದ. ಧಣಿಯ ಮುದಿ ಹೆಂಡತಿ ಅರಳುಮರಳಾಗಿ, ಇನ್ನೂ ತನ್ನದೇ ಮನೆ ಎಂದುಕೊಂಡು ಬಂದಾಗ ಆಕೆಯ ಹಳೆಯ ಕೋಣೆಯಲ್ಲೇ ಇರಿಸಿಕೊಂಡನಂತೆ. ಇದು ಸ್ಮಾಲ್ಸ್ ಮನೆತನದವರು ಹೇಳಿಕೊಂಡು ಬಂದ ಮಾತು.

1895ರಲ್ಲಿ ಕರಿಯರ ಮತದ ಹಕ್ಕು ಕಸಿಯುವ ಇನ್ನೊಂದು ಸಂವಿಧಾನ ಬಂತು. ಆ ಸಭೆಯಲ್ಲಿದ್ದ ಸ್ಮಾಲ್ಸ್ ಸಹಿ ಹಾಕಲಿಲ್ಲ. 1915ರ ಫೆಬ್ರವರಿಯಲ್ಲಿ ತೀರಿಕೊಂಡದ್ದು ಪ್ರಿನ್ಸ್ ಬೀದಿಯ ಅದೇ ಮನೆಯಲ್ಲಿ. ಹಿತ್ತಿಲಲ್ಲಲ್ಲ, ಒಳಗೆ.

ನಮಸ್ಕಾರ.