ಅಮ್ಮನ ಒಂಬತ್ತು ಗಂಟೆ

ಕೇಳುಗರಿಗೆ ನಮಸ್ಕಾರ.

ಸ್ನಾತಕೋತ್ತರ ಓದಿಗೆಂದು ನಾನು ದಾವಣಗೆರೆ ಬಿಟ್ಟು ಜರ್ಮನಿಯ ಡ್ರೆಸ್ಡೆನ್ ಸೇರಿದ್ದು ಒಂದು ಸೆಪ್ಟೆಂಬರ್ ಕೊನೆಯಲ್ಲಿ. ವಿಮಾನ ಹತ್ತುವಾಗ ಅಳು ಬರಲಿಲ್ಲ. ಎಲ್ಬೆ ನದಿ, ಟ್ರಾಮು, ಖಾಲಿ ಪ್ಲಾಸ್ಟಿಕ್ ಬಾಟಲಿ ನುಂಗಿ 25 ಸೆಂಟ್ ಹಿಂದಿರುಗಿಸುವ ಯಂತ್ರ, ಮೊದಲ ತಿಂಗಳು ಎಲ್ಲವೂ ಜಾತ್ರೆಯಂತಿತ್ತು.

ಅಳು ಬಂದದ್ದು ಗಡಿಯಾರದಿಂದ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ದಾವಣಗೆರೆಗಿಂತ ಮೂರೂವರೆ ಗಂಟೆ ಹಿಂದಿದ್ದ ಡ್ರೆಸ್ಡೆನ್ ನಾಲ್ಕೂವರೆ ಗಂಟೆ ಹಿಂದಾಗುತ್ತದೆ. ಅಮ್ಮ ಪಾತ್ರೆ ತೊಳೆದಿಟ್ಟು ಫೋನ್ ಮಾಡುವುದು ರಾತ್ರಿ ಒಂಬತ್ತಕ್ಕೆ. ಅದು ನನಗೆ ಐದೂವರೆ, ಲ್ಯಾಬ್ ಮುಗಿಯುವ ಹೊತ್ತು. ಈಗ ನಾಲ್ಕೂವರೆ; ಕೈಯಲ್ಲಿ ಪಿಪೆಟ್ಟು, ಜೇಬಿನಲ್ಲಿ ನಡುಗುವ ಮೊಬೈಲ್. ಡಿಸೆಂಬರ್ ಬಂದರೆ ಆ ಹೊತ್ತಿಗೆ ಹೊರಗೆ ಕತ್ತಲೆಯೂ ಆಗಿರುತ್ತದೆ. ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ, ಸುಮ್ಮನೆ ಜನರನ್ನು ನೋಡಿ ಬರೋಣವೆಂದರೆ ಅದಕ್ಕೂ ದಾರಿಯಿಲ್ಲ.

ಮಾನವಶಾಸ್ತ್ರಜ್ಞ ಕಲೆರ್ವೋ ಓಬರ್ಗ್ 1960ರಲ್ಲಿ ಇಂಥ ಸಂಕಟಗಳ ಬಗ್ಗೆ ಒಂದು ಲೇಖನ ಬರೆದರು. ಮೊದಲಿನ ಸಡಗರಕ್ಕೆ ಅವರು ಮಧುಚಂದ್ರವೆಂದೇ ಹೆಸರಿಟ್ಟಿದ್ದಾರೆ. ಆಮೇಲಿನ ಲಕ್ಷಣಗಳಲ್ಲಿ ಅತಿಯಾಗಿ ಕೈ ತೊಳೆಯುವುದೂ ಸೇರಿದೆ. ನನ್ನ ಲಕ್ಷಣ ಬೇರೆ: ಡಬ್ಬಿಯಲ್ಲಿ ಉಳಿದ ಚಟ್ನಿಪುಡಿ ಇನ್ನೆಷ್ಟು ಚಮಚವೆಂದು ದಿನಾ ಅಳೆಯುತ್ತಿದ್ದೆ.

ಒಂದು ವಿಷಯದಲ್ಲಿ ಮಾತ್ರ ಕನ್ನಡ ನನ್ನ ಕೈಹಿಡಿಯಿತು. ಜರ್ಮನ್ನರಿಗೂ ನೀನು, ನೀವು ಎಂಬ ಭೇದವಿದೆ: ಡೂ, ಝೀ. ಇಂಗ್ಲಿಷಿನವರು ತಡವರಿಸುವ ಕಡೆ ನನಗೆ ಅಳುಕಿರಲಿಲ್ಲ. ಆದರೆ ನನಗಿಂತ ಇಪ್ಪತ್ತು ವರ್ಷ ಹಿರಿಯರಾದ ಲ್ಯಾಬ್ ತಂತ್ರಜ್ಞರೊಬ್ಬರು, ನನ್ನನ್ನು ಡೂ ಎನ್ನು ಎಂದಾಗ ನಾಲಿಗೆ ಏಳಲಿಲ್ಲ. ಅಂಥವರನ್ನು ಏಕವಚನದಲ್ಲಿ ಕರೆಯುವುದಾದರೂ ಹೇಗೆ!

ಅವರೇ ಒಂದು ಮಧ್ಯಾಹ್ನ ಮೊಗಸಾಲೆಯಲ್ಲಿ ಎದುರಾಗಿ "ಮಾಲ್‌ಟ್ಸೈಟ್" ಎಂದರು. ಊಟದ ಹೊತ್ತು ಎಂದು ಅದರರ್ಥ. ಅಲ್ಲಿ ಮಧ್ಯಾಹ್ನದ ನಮಸ್ಕಾರವೂ ಅದೇ. ನನಗದು ತಿಳಿಯದು. ಊಟ ಆಯಿತೇ ಎಂದು ಕೇಳಿದರೆಂದುಕೊಂಡು, "ಇಲ್ಲ, ಇನ್ನೂ ಆಗಿಲ್ಲ" ಎಂದುಬಿಟ್ಟೆ. ಅವರು ನಿಂತು, ನಕ್ಕು, ನನ್ನನ್ನು ಕ್ಯಾಂಟೀನಿಗೆ ಕರೆದೊಯ್ದರು.

ಅಮ್ಮನಿಗೆ ಮೂರು ತಿಂಗಳಿಂದ "ಆಯಿತಮ್ಮಾ" ಎಂದೇ ಹೇಳುತ್ತಿದ್ದೆ. ಆ ಭಾನುವಾರ ಈ ಕಥೆ ಹೇಳಿದಾಗ ಅವಳು ನಗಲಿಲ್ಲ. "ಹಾಗಾದರೆ ನೀನು ತಿನ್ನುತ್ತಿರುವುದೇನು?" ಎಂದಳು. ಬ್ರೆಡ್ಡು ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಿ ತೊಗರಿಬೇಳೆ ಸಿಗುತ್ತದೆಯೇ? ಬರೆದುಕೊ" ಎಂದು ಶುರುಮಾಡಿದಳು.