ಪಾಯಾಸಿ ಕೇಳಿದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಕೆಲವರು ದೇವರನ್ನು, ಪರಲೋಕವನ್ನು ಯಾಕೆ ನಂಬುವುದಿಲ್ಲ, ಈ ಬಗ್ಗೆ ಮಾತಾಡಿ ಅಂತ ನಿಲಯದವರು ಕರೆದಿದ್ದಾರೆ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ದೋಸೆ ಹುಯ್ಯುತ್ತಿರುವವರಿಗೆ ಬೆಳಗ್ಗೆ ಬೆಳಗ್ಗೆ ಇದೇನಪ್ಪಾ ಅನ್ನಿಸಬಹುದು. ಗಾಬರಿ ಬೇಡ. ನಿಮ್ಮ ದೇವರ ಮನೆಯ ದೀಪ ಆರಿಸಲು ನಾನು ಬಂದಿಲ್ಲ. ನಾನು ಹೇಳಬೇಕಾದ್ದು ಒಂದೇ ಮಾತು. ಇದೆ ಅನ್ನುವವರು ತೋರಿಸಬೇಕು. ನಂಬದವನ ಕೊರಳಪಟ್ಟಿ ಹಿಡಿದು 'ಇಲ್ಲ ಅಂತ ನೀನೇ ಸಾಬೀತು ಮಾಡು' ಅನ್ನುವುದು ನ್ಯಾಯ ಅಲ್ಲ.

ನಾಸ್ತಿಕತೆ ಅಂದರೆ ಇಂಗ್ಲಿಷ್ ಓದಿದವರ ಖಾಯಿಲೆ ಅಂತ ಬಹಳ ಜನ ಹೇಳುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಅದಕ್ಕೇ ಒಂದು ಹಳೇ ಕಥೆ ಹೇಳುತ್ತೇನೆ. ಇದು ಬೌದ್ಧರ ಪಾಲಿ ಗ್ರಂಥ ದೀಘ ನಿಕಾಯದಲ್ಲಿದೆ.

ಕೋಸಲ ರಾಜ್ಯದಲ್ಲಿ ಸೇತವ್ಯಾ ಅಂತ ಒಂದು ಊರು. ಪಸೇನದಿ ರಾಜ ಅದನ್ನು ಪಾಯಾಸಿ ಎಂಬುವನಿಗೆ ಉಂಬಳಿ ಕೊಟ್ಟಿದ್ದ. ಪಾಳೇಗಾರ ಅನ್ನಿ. ಈ ಪಾಯಾಸಿ ಪರಲೋಕವೂ ಇಲ್ಲ, ಪಾಪಪುಣ್ಯಕ್ಕೆ ಫಲವೂ ಇಲ್ಲ ಅನ್ನುತ್ತಿದ್ದ. ಬುದ್ಧನ ಶಿಷ್ಯ ಕುಮಾರ ಕಸ್ಸಪ ಆ ಊರಿಗೆ ಬಂದಾಗ ಇವನೇ ಹೋಗಿ ವಾದಕ್ಕೆ ಕೂತ.

ಪಾಯಾಸಿ ಹೇಳಿದ: 'ಸ್ವಾಮಿ, ನನ್ನ ನೆಂಟರಲ್ಲಿ ಕಳ್ಳರಿದ್ದರು, ಕೊಲೆಗಡುಕರಿದ್ದರು. ಅವರು ಸಾಯುವ ಹೊತ್ತಿಗೆ ಹಾಸಿಗೆ ಪಕ್ಕ ಕೂತು ಕೇಳಿಕೊಂಡೆ. ನೀವು ನರಕಕ್ಕೆ ಹೋದರೆ ದಯವಿಟ್ಟು ಬಂದು ನನಗೆ ತಿಳಿಸಿ, ನಿಮ್ಮ ಮಾತು ನಂಬುತ್ತೇನೆ ಅಂದೆ. ಆಗಲಿ ಅಂದರು. ಒಬ್ಬರೂ ಬರಲಿಲ್ಲ.' ಕಸ್ಸಪ ಏನಂದ ಗೊತ್ತಾ? ಮರಣದಂಡನೆಗೆ ಹೊರಟ ಕಳ್ಳ 'ಮನೆಗೆ ಹೋಗಿ ನೆಂಟರನ್ನು ನೋಡಿಕೊಂಡು ಬರ್ತೀನಿ' ಅಂದರೆ ರಾಜಭಟರು ಬಿಡ್ತಾರಾ ಅಂದ.

ಸರಿ, ಒಳ್ಳೆಯವರ ಕಥೆ? ಧರ್ಮವಂತ ನೆಂಟರಿಗೂ ಪಾಯಾಸಿ ಇದನ್ನೇ ಹೇಳಿದ್ದ. ಸ್ವರ್ಗ ಸಿಕ್ಕರೆ ಬಂದು ಹೇಳಿ ಅಂತ. ಅವರೂ ಪತ್ತೆ ಇಲ್ಲ. ಅದಕ್ಕೆ ಕಸ್ಸಪ, ಮಲದ ಗುಂಡಿಯಿಂದ ಮೇಲೆತ್ತಿ, ಸ್ನಾನ ಮಾಡಿಸಿ, ಅರಮನೆಯಲ್ಲಿ ಕೂರಿಸಿದವನು ಮತ್ತೆ ಗುಂಡಿಗೆ ಇಳಿಯುತ್ತಾನಾ ಅಂದ. ಅಲ್ಲದೆ ಇಲ್ಲಿಯ ನೂರು ವರ್ಷ ದೇವಲೋಕದಲ್ಲಿ ಒಂದು ದಿನ. ಎರಡು ದಿನ ಸುಖ ಪಟ್ಟು ಹೇಳೋಣ ಅಂತ ಅವರು ಹೊರಡುವ ಹೊತ್ತಿಗೆ ನೀನು ಎಲ್ಲಿರುತ್ತೀಯ? ಆಗ ಪಾಯಾಸಿ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟ. 'ದೇವಲೋಕ ಇದೆ, ಅಲ್ಲಿಯವರಿಗೆ ಅಷ್ಟು ಆಯಸ್ಸು ಇದೆ ಅಂತ ನಿಮಗೆ ಯಾರು ಹೇಳಿದರು?' ನೋಡಿ, ಇಷ್ಟೇ. ಇದೆ ಅನ್ನುವವರು ತೋರಿಸಬೇಕು.

ಪಾಯಾಸಿ ಅಷ್ಟಕ್ಕೇ ಬಿಡಲಿಲ್ಲ, ಪ್ರಯೋಗಕ್ಕೂ ಕೈ ಹಾಕಿದ್ದ. ಸಿಕ್ಕಿಬಿದ್ದ ಕಳ್ಳನನ್ನು ಜೀವಂತ ಹಂಡೆಗೆ ಹಾಕಿಸಿ, ಹಂಡೆಯ ಬಾಯಿಗೆ ಹಸಿ ತೊಗಲು ಬಿಗಿದು, ಮೇಲೆ ದಪ್ಪಗೆ ಮಣ್ಣು ಮೆತ್ತಿಸಿ ಒಲೆಯ ಮೇಲೆ ಇಡಿಸಿದ. ಸತ್ತ ಅಂತ ಗೊತ್ತಾದ ಮೇಲೆ ಮೆಲ್ಲಗೆ ಬಾಯಿ ಬಿಚ್ಚಿಸಿ, ಜೀವ ಹೊರಗೆ ಬರುತ್ತಾ ಅಂತ ಬಗ್ಗಿ ನೋಡಿದ. ಏನೂ ಕಾಣಲಿಲ್ಲ. ಭಯಂಕರ ಕ್ರೌರ್ಯ, ಅದನ್ನು ನಾನು ಮೆಚ್ಚುತ್ತಿಲ್ಲ. ಆದರೆ ಕಸ್ಸಪನ ಉತ್ತರ ಕೇಳಿ. ನೀನು ಮಧ್ಯಾಹ್ನ ಮಲಗಿ ತೋಟದ ಕನಸು ಕಂಡಾಗ ನಿನ್ನ ಜೀವ ಹೋಗಿ ಬರುವುದು ಪಕ್ಕದಲ್ಲಿದ್ದ ದಾಸಿಯರಿಗೆ ಕಾಣುತ್ತಾ ಅಂದ. ಕಳ್ಳನನ್ನು ಬದುಕಿದ್ದಾಗ ಒಮ್ಮೆ, ಕೊಂದ ಮೇಲೆ ಒಮ್ಮೆ ತೂಕ ಹಾಕಿಸಿದೆ, ಜೀವ ಹೋದ ಮೇಲೆ ಭಾರ ಹೆಚ್ಚೇ ಆಯಿತು ಅಂತ ಪಾಯಾಸಿ ಹೇಳಿದರೆ, ಕಬ್ಬಿಣದ ಗುಂಡು ಕಾದಾಗ ಹಗುರ, ತಣ್ಣಗಾದಾಗ ಭಾರ ಅಲ್ವಾ ಅಂತ ಕಸ್ಸಪ ಉಪಮೆ ಕೊಟ್ಟ.

ಕೊನೆಗೆ ಪಾಯಾಸಿ ಸೋತು ಶರಣಾಗುತ್ತಾನೆ. ಆಗಲೇಬೇಕಲ್ಲ, ಕಥೆ ಬರೆದಿಟ್ಟವರು ಬೌದ್ಧರು! ಆದರೂ ಅವರ ಪ್ರಾಮಾಣಿಕತೆಗೆ ನಾನು ಕೈ ಮುಗಿಯುತ್ತೇನೆ. ಎದುರಾಳಿಯ ಮಾತನ್ನು ಒಂದೂ ಬಿಡದೆ ಬರೆದಿಟ್ಟಿದ್ದಾರೆ. ಸ್ವಲ್ಪ ಲೆಕ್ಕ ಹಾಕಿ. ಪಾಯಾಸಿ ಹೆಚ್ಚಿನ ಸಲ ತಾನು ಏನು ಮಾಡಿದೆ, ಏನು ಕಂಡೆ ಅಂತ ಹೇಳುತ್ತಾನೆ. ಕಸ್ಸಪ ಪ್ರತಿ ಸಲವೂ ಒಂದು ಉಪಮೆ ಕೊಡುತ್ತಾನೆ. ಚೆಂದದ ಉಪಮೆಗಳೇ. ಆದರೆ ಉಪಮೆ ಸಾಕ್ಷಿ ಆಗುತ್ತಾ?

ತೂಕದ ಹುಚ್ಚು ಆಮೇಲೂ ಬಿಡಲಿಲ್ಲ. 1907ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಡಂಕನ್ ಮ್ಯಾಕ್‌ಡೂಗಲ್, ಸಾಯುವ ಸ್ಥಿತಿಯಲ್ಲಿದ್ದ 6 ರೋಗಿಗಳನ್ನು ಮಂಚದ ಸಮೇತ ತಕ್ಕಡಿಯ ಮೇಲಿಟ್ಟು ತೂಗಿದ ವರದಿ ಪ್ರಕಟಿಸಿದ. ಆತ್ಮದ ತೂಕ 21 ಗ್ರಾಂ ಅಂತ ಈಗಲೂ ವಾಟ್ಸಾಪ್‌ನಲ್ಲಿ ಓಡಾಡುತ್ತದಲ್ಲ, ಅದು ಆ 6 ಜನರಲ್ಲಿ ಒಬ್ಬನ ಲೆಕ್ಕ. ಉಳಿದವರ ಲೆಕ್ಕ ಅದಕ್ಕೆ ತಾಳೆ ಆಗಲಿಲ್ಲ. ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಕಥೆ ಸ್ವಲ್ಪ ಜಾಸ್ತಿ ಆಯಿತು, ಗಡಿಯಾರ ಓಡುತ್ತಿದೆ. ಕಣ್ಣಿಗೆ ಕಂಡದ್ದನ್ನು ಮಾತ್ರ ಒಪ್ಪುತ್ತಿದ್ದ ನಮ್ಮ ಹಳೇ ನಾಸ್ತಿಕರು, ಚಾರ್ವಾಕರು, ಅವರ ವಿಷಯ ಬೇಗ ಹೇಳುತ್ತೇನೆ. ಅವರ ವಾದ ನಮಗೆ ಹೆಚ್ಚಾಗಿ ಸಿಗುವುದು 14ನೇ ಶತಮಾನದ ಸರ್ವದರ್ಶನಸಂಗ್ರಹದಲ್ಲಿ. ಬರೆದ ಮಾಧವಾಚಾರ್ಯರು ವಿಜಯನಗರದ ಕಾಲದವರು, ವೇದಾಂತಿ. ಮೊದಲ ಅಧ್ಯಾಯವೇ ಚಾರ್ವಾಕ! ಎಲ್ಲರೂ ಅದರಿಂದ 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಒಂದನ್ನೇ ಹಿಡಿದುಕೊಂಡು ನಗುತ್ತಾರೆ. ಅಲ್ಲೇ ಇರುವ ಇನ್ನೊಂದು ಮಾತು ಕೇಳಿ. ಶ್ರಾದ್ಧದಲ್ಲಿ ಇಟ್ಟ ಅನ್ನ ಸತ್ತವರಿಗೆ ಮುಟ್ಟುವುದಾದರೆ, ಊರಿಗೆ ಹೊರಟವರಿಗೆ ಬುತ್ತಿ ಯಾಕೆ ಕಟ್ಟಬೇಕು? ಮನೆಯಲ್ಲೇ ಬಡಿಸಿದರೆ ಸಾಕಲ್ವಾ? ದೇಹ ಬಿಟ್ಟವನು ಬೇರೆ ಲೋಕಕ್ಕೆ ಹೋಗುವುದಾದರೆ ಬಂಧುಗಳ ಮೇಲಿನ ಪ್ರೀತಿಗಾದರೂ ಒಮ್ಮೆ ಯಾಕೆ ವಾಪಸ್ ಬರುವುದಿಲ್ಲ? ಪಾಯಾಸಿ ಕೇಳಿದ್ದೂ ಇದೇ.

ದೇವರ ವಿಷಯಕ್ಕೂ ಇದೇ ಅಳತೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಗಾಳಿಯಿಂದ ಉಂಗುರ ತೆಗೆದುಕೊಡುವ ಬಾಬಾಗಳಿಗೆ, ಮುಷ್ಟಿಯಲ್ಲಿ ಅಡಗುವ ಉಂಗುರ ಯಾಕೆ, ಒಂದು ಕುಂಬಳಕಾಯಿ ಸೃಷ್ಟಿಸಿ ಅನ್ನುತ್ತಿದ್ದರು. ಇದೆ ಅನ್ನುವವರು ತೋರಿಸಬೇಕು, ಅಷ್ಟೇ.

ದೇವರ ಭಯ ಇಲ್ಲದಿದ್ದರೆ ಜನ ಕೆಟ್ಟುಹೋಗಲ್ವಾ ಅಂತ ಈ ಹೊತ್ತಿಗೆ ಯಾರಾದರೂ ಗೊಣಗಿರುತ್ತೀರಿ. ಆಂಧ್ರದ ಗೋರಾ ಅವರನ್ನು ನೋಡಿ. ಪಕ್ಕಾ ನಾಸ್ತಿಕರು, 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದವರು. ಅಸ್ಪೃಶ್ಯತೆಯ ವಿರುದ್ಧ ಜೀವನಪೂರ್ತಿ ಹೋರಾಡಿದರು. ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಿದರು. ಆ ಮದುವೆಯಲ್ಲಿ ದೇವರ ಹೆಸರು ಬೇಡ, ಸತ್ಯದ ಹೆಸರಿನಲ್ಲೇ ಮಾಡೋಣ ಅಂತ ಒಪ್ಪಿದ್ದವರು ಯಾರು ಗೊತ್ತಾ? ಗಾಂಧೀಜಿ. 1948ರ ಮಾರ್ಚ್‌ನಲ್ಲಿ, ಅವರು ತೀರಿಕೊಂಡ ಮೇಲೆ, ಸೇವಾಗ್ರಾಮ ಆಶ್ರಮದಲ್ಲೇ ಆ ಮದುವೆ ನಡೆಯಿತು. ಗೋರಾ ಮತ್ತು ಗಾಂಧೀಜಿಯ ವಾದವೇ ಬೇರೊಂದು ಭಾಷಣ ಆಗುತ್ತದೆ. ನಿಲಯದವರು ಮತ್ತೆ ಕರೆದರೆ ಖಂಡಿತ ಬರುತ್ತೇನೆ. ನಮಸ್ಕಾರ.