ಮೈಕಿನೊಳಗಿನ ಒಗ್ಗರಣೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮಕ್ಕನ ಮಗಳು ಸಂಜೆ ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತು ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಹೋದ ತಿಂಗಳು ಪಾಠದ ನಡುವೆ ಹುಡುಗನೊಬ್ಬ ಕೇಳಿದನಂತೆ, "ಮಿಸ್, ಮಂಡಕ್ಕಿಗೆ ಒಗ್ಗರಣೆ ಹಾಕ್ತಿದೀರಾ?" ಮೈಕಿನಲ್ಲಿ ಅಷ್ಟು ಚಟಪಟ. ಹೊಸ ಮೈಕ್ ತಂದಳು, ಒಗ್ಗರಣೆ ನಿಲ್ಲಲಿಲ್ಲ. ಆಮೇಲೆ ನನಗೆ ಫೋನು.

"ಸದ್ದು ಹೆಂಗೈತಿ, ಬಾಯಲ್ಲೇ ಮಾಡಿ ತೋರ್ಸು" ಅಂದೆ. "ಮಾಮಾ, ತಮಾಷೆ ಬ್ಯಾಡ" ಅಂದಳು.

ತಮಾಷೆಯಲ್ಲ. ಕೆಟ್ಟಿರುವ ಜಾಗ ಯಾವುದೆಂದು ಸದ್ದೇ ಹೇಳುತ್ತದೆ. ಒಂದೇ ಸಮ 'ಗುಂಯ್' ಎಂದರೆ ಅದು ಕರೆಂಟಿನದು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹಿಂದೆಮುಂದೆ ತುಯ್ಯುತ್ತದಲ್ಲ, ಅದು ಮೈಕಿನ ದಾರಿಗೆ ನುಸುಳಿರುತ್ತದೆ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಮಾತಾಡಿ ನೋಡಿ. ಗುಂಯ್ ನಿಂತರೆ ಮೈಕಿನದೇನೂ ತಪ್ಪಿಲ್ಲ; ಚಾರ್ಜರ್ ಬದಲಿಸಿ ನೋಡಿ, ಸಾಕೆಟ್ಟಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ನೀವೇ ಸ್ಕ್ರೂಡ್ರೈವರ್ ಹಿಡಿಯಬೇಡಿ.

'ಸುಸ್' ಎಂದು ಗಾಳಿ ಬಿಟ್ಟ ಹಾಗಿದ್ದರೆ ಸೆಟ್ಟಿಂಗ್ಸಿನಲ್ಲಿ ಮೈಕ್ ಬೂಸ್ಟ್, ಅಂದರೆ ಮೈಕಿಗೆ ಬಿದ್ದ ಸದ್ದನ್ನು ಏರಿಸುವ ಸೌಲಭ್ಯ, ನೋಡಿ. ಎಷ್ಟೋ ಕಡೆ ಅದು 20, 30 ಡೆಸಿಬೆಲ್‌ಗೆ ಏರಿ ಕೂತಿರುತ್ತದೆ. ಬೂಸ್ಟಿಗೆ ನಿಮ್ಮ ಮಾತೂ ಒಂದೇ, ತಲೆ ಮೇಲಿನ ಫ್ಯಾನೂ ಒಂದೇ. ಅದನ್ನು ಇಳಿಸಿ, ಮೈಕನ್ನು ಬಾಯಿಂದ ಒಂದು ಗೇಣಿಗೆ ತನ್ನಿ.

ವೈರ್ ಅಲ್ಲಾಡಿಸಿದಾಗ ಮಾತ್ರ 'ಚರಚರ' ಬಂದರೆ ಪಿನ್ನಿನ ಬುಡದಲ್ಲಿ ಎಳೆ ಕಡಿದಿದೆ, ಇಲ್ಲವೇ ತೂತಿನಲ್ಲಿ ಧೂಳಿದೆ. ನಮ್ಮ ಕಡೆಯ ಬೇಸಿಗೆ ಗಾಳಿ ಧೂಳಿಗೇನು ಬರ ಇಟ್ಟಿದೆಯೇ!

ಇವಳದು ಯಾವುದೂ ಅಲ್ಲ. ಮುಟ್ಟದಿದ್ದರೂ ಬಿಟ್ಟುಬಿಟ್ಟು 'ಚಟ್'. ಸಾಸಿವೆ ಸಿಡಿದ ಹಾಗೆ. ಯುಎಸ್‌ಬಿ ಮೈಕ್ ದನಿಯನ್ನು ಸೆಕೆಂಡಿಗೆ 44,100 ಅಥವಾ 48,000 ಚೂರು ಮಾಡಿ ಕಳಿಸುತ್ತದೆ. ದಾರಿಯಲ್ಲಿ ನಾಲ್ಕಾರು ಚೂರು ಉದುರಿದರೂ ಕಿವಿಗೆ ಚಟ್ ಎನ್ನುತ್ತದೆ. ಮೇಜಿನ ಮೇಲೆ ಏನೇನಿದೆ ಅಂತ ಕೇಳಿದೆ. ಕ್ಯಾಮೆರಾ, ಹಾರ್ಡ್‌ಡಿಸ್ಕ್, ಮೈಕ್, ಮೂರೂ ಒಂದೇ ಅಗ್ಗದ ಯುಎಸ್‌ಬಿ ಹಬ್‌ಗೆ, ಅಂದರೆ ಒಂದು ತೂತನ್ನು ಹಲವು ಮಾಡುವ ಡಬ್ಬಿಗೆ, ಜೋತುಬಿದ್ದು ಒಂದೇ ದಾರಿಯಲ್ಲಿ ನೂಕಾಡುತ್ತಿದ್ದವು! ಮೈಕನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಿಸಿದೆ. ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಭಾಗ, ವಿಂಡೋಸಿನಲ್ಲಿ ಚೂರಿನ ಲೆಕ್ಕ 48,000 ಇದ್ದು ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 44,100 ಇದ್ದದ್ದರಿಂದ. ಎರಡನ್ನೂ 48,000ಕ್ಕೆ ತಂದಳು.

ಹೊಸ ಮೈಕನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಈಗ ನನ್ನ ಮೇಜಿನ ಮೇಲಿದೆ. ನಮಸ್ಕಾರ.